ಕಂದು ಶಾಲಿನ ರಫು

ನಮ್ಮ ಯಜಮಾನರದು ರಫು ಕೆಲಸ. ಇಲಿ ಕಡಿದ ಶಾಲು, ಕಿಡಿ ಬಿದ್ದು ತೂತಾದ ಕೋಟು, ಏನೇ ತಂದುಕೊಟ್ಟರೂ ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ತೆಗೆದು, ನೆಯ್ದ ಹಾಗೆ ತುಂಬಿಕೊಡುತ್ತಾರೆ. ಕಣ್ಣಿನ ನಂಬರು ಮೈನಸ್ ಹದಿನೆಂಟು. ಕನ್ನಡಕ ತೆಗೆದರೆ ಹೆಂಡತಿಯೂ ಬೀರುವೂ ಒಂದೇ. ಆದರೆ ಬಟ್ಟೆಯನ್ನು ಮೂಗಿಗೆ ತಾಗಿಸಿಕೊಂಡರೆ ಒಂದೊಂದು ಎಳೆಯನ್ನೂ ಎಣಿಸಬಲ್ಲರು. ಬೀದಿಯವರು ಇಟ್ಟ ಹೆಸರು ‘ಮೂಸುವ ದರ್ಜಿ’. ಅದಕ್ಕೆ ಅವರಿಗೇನೂ ಬೇಜಾರಿಲ್ಲ. “ನಾನು ಮಾಡಿದ ರಫು ದೇವರು ಬಂದ್ರೂ ಹುಡುಕಕ್ಕಾಗಲ್ಲ” ಎಂಬುದೊಂದೇ ಜಂಬ. ಅದಕ್ಕೆ ಸಾಕ್ಷಿ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದುದು ನನ್ನ ಕಂದು ಶಾಲನ್ನು. ಮದುವೆಯಾದ ವರ್ಷ ಇಸ್ತ್ರಿಪೆಟ್ಟಿಗೆ ಇಟ್ಟು ಸುಟ್ಟವಳು ನಾನು, ತೂತು ಮುಚ್ಚಿದವರು ಅವರು.

ಹೋದ ವರ್ಷ ಕನ್ನಡಕವೂ ಕೈಕೊಟ್ಟಿತು. ಕಣ್ಣೊಳಗಿನ ಲೆನ್ಸನ್ನೇ ತೆಗೆದು ಹೊಸದು ಕೂರಿಸಬೇಕು ಎಂದರು ಡಾಕ್ಟರಮ್ಮ. “ದೂರದ್ದು ಚೆನ್ನಾಗಿ ಕಾಣತ್ತೆ. ಹತ್ತಿರದ್ದಕ್ಕೆ ಕನ್ನಡಕ ಬೇಕಾಗತ್ತೆ.”

ಇವರ ಮುಖ ಹುಳ್ಳಗಾಯಿತು. “ದೂರ ಕಂಡು ನಾನೇನು ಹಡಗು ಓಡಿಸ್ಬೇಕಾ ಡಾಕ್ಟ್ರೇ? ನನ್ನ ಅನ್ನ ಇರೋದೇ ಮೂಗಿನ ತುದೀಲಿ.”

ವಾರವಿಡೀ ಅದೇ ರಾಗ. ಯಾರ ಕಣ್ಣಿಗೂ ಬೀಳದ ಆ ರಫು ಇನ್ನು ತನ್ನ ಕೈಯಿಂದ ಆಗುವುದಿಲ್ಲ ಎಂಬ ಹೆದರಿಕೆ. ನನಗೂ ಹೆದರಿಕೆಯಿತ್ತು, ತೋರಿಸಿಕೊಳ್ಳಲಿಲ್ಲ. “ಹಿಂಗೇ ಬಿಟ್ರೆ ನನ್ನ ಬೆರಳಿಗೇ ದಾರ ಪೋಣಿಸ್ತೀರಿ, ನಡೀರಿ” ಎಂದು ಗದರಿ ಎಳೆದುಕೊಂಡು ಹೋದೆ.

ಮೊದಲನೆಯ ಕಣ್ಣಿನ ಪಟ್ಟಿ ಬಿಚ್ಚಿದ ಬೆಳಿಗ್ಗೆ ನಾನು ಬಾಗಿಲ ಬಳಿ ನಿಂತಿದ್ದೆ. ಅವರು ಗೋಡೆಯ ಗಡಿಯಾರ ನೋಡಿದರು, ಅದರ ಮೇಲಿದ್ದ ನೊಣ ನೋಡಿದರು, ಆಮೇಲೆ ನನ್ನನ್ನು.

“ಏನೇ, ಇಷ್ಟೊಂದು ಬಿಳಿಕೂದಲು ಯಾವಾಗ ಬಂತು?”

“ನೀವು ಬಟ್ಟೆ ಮೂಸ್ತಾ ಕೂತಿದ್ರಲ್ಲ, ಆಗ.”

ನಗುತ್ತಿದ್ದವರು ಬೆರಳು ತೋರಿಸಿದರು. “ಹೆಗಲ ಮೇಲೆ ಅದೇನು, ಕಪ್ಪಗೆ, ಚೌಕವಾಗಿ?”

ನಾನು ಹೊದ್ದಿದ್ದು ಅದೇ ಶಾಲು. ಒಳಮಡಿಕೆಯ ಎಳೆ ಬಿಸಿಲು ಕಂಡಿರಲಿಲ್ಲ. ಸುತ್ತಲಿನ ಬಟ್ಟೆ ಮಾಸಿದರೂ ಅದು ಮಾಸಿರಲಿಲ್ಲ. ಮೂಗಿನಡಿ ಎಳೆಗೆ ಎಳೆ ಕೂಡಿದ ರಫು ಆರಡಿ ಆಚೆಯಿಂದ ತೇಪೆಯಂತೆ ಕಾಣುತ್ತಿತ್ತು.

“ನಿಂಗೆ ಗೊತ್ತಿತ್ತಾ?”

“ಇಪ್ಪತ್ತು ವರ್ಷದಿಂದ ಗೊತ್ತಿದೆ.”

“ಬೇರೆಯವರಿಗೆ?”

“ಕಣ್ಣಿದ್ದೋರಿಗೆಲ್ಲ.”

ಅವರು ಆ ದಿನ ಊಟ ಮಾಡಲಿಲ್ಲ. ಇಷ್ಟು ವರ್ಷ ಕಾಣಲ್ಲ ಎಂದೇ ನಂಬಿಸಿದವಳು ಇನ್ನೊಂದು ಸುಳ್ಳು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಇನ್ನೊಂದು ಕಣ್ಣೂ ಮುಗಿಯಿತು, ಹತ್ತಿರದ ಕನ್ನಡಕ ಬಂತು. ಮೂರು ತಿಂಗಳು ಬೆರಳು ಚುಚ್ಚಿಕೊಂಡ ಮೇಲೆ ಕೈ ಹದಕ್ಕೆ ಬಂತು. ಈಗ ರಫು ಮುಗಿದ ಬಟ್ಟೆಯನ್ನು ಗೂಟಕ್ಕೆ ಹಾಕಿ, ಹೊಸಿಲವರೆಗೂ ಹಿಂದೆ ಹಿಂದೆ ನಡೆದು ನೋಡುತ್ತಾರೆ. ರಫು ಎದ್ದು ಕಂಡರೆ ಮುಖ ಸಿಂಡರಿಸಿಕೊಂಡು ಬಂದು ಎಳೆ ಬಿಚ್ಚುತ್ತಾರೆ. ಜಂಬದ ಮಾತು ನಿಂತಿದೆ.

ಶಾಲನ್ನೂ ಬಿಚ್ಚುತ್ತೇನೆ, ಕೊಡು ಎಂದು ದಿನಾ ಪೀಡಿಸುತ್ತಾರೆ. ನಾನು ಕೊಡುವುದಿಲ್ಲ. ಮೂರು ರಾತ್ರಿ ಕೂತು ನನಗಾಗಿ ಮಾಡಿದ್ದು ಅದು, ನನಗೆ ಅದೇ ಇಷ್ಟ. ಅದನ್ನು ಹೊದ್ದು ಪೇಟೆಗೆ ಹೊರಟರೆ ಅವರು ನಾಚಿಕೊಂಡು ರಸ್ತೆಯ ಆ ಬದಿಗೆ ದಾಟುತ್ತಾರೆ. ನಾನೂ ದಾಟುತ್ತೇನೆ.