ಮುರಳೀಧರನ ನೂರಕ್ಕೆ ತೊಂಬತ್ತು

ಅಮೆರಿಕದ ಟೆಕ್ಸಸ್ಸಿನ ಪ್ಲೇನೋದ ಮುರಳೀಧರ ಐವತ್ತೊಂದನೆಯ ವಯಸ್ಸಿನಲ್ಲಿ ದಿಗ್ವಿಜಯಕ್ಕೆ ಹೊರಟಿದ್ದ. ಆಯುಧ ಲ್ಯಾಪ್‌ಟಾಪ್, ರಥ ಹನ್ನೊಂದು ವರ್ಷದ ಹಳೆಯ ಕಾರು. ತಲೆಗೆ ಪೆಟ್ಟು ಬಿದ್ದು ಬಂದವರನ್ನು ಮೂರು ಗುಂಪು ಮಾಡುವ ಕಂಪ್ಯೂಟರ್ ಮಾಡೆಲ್ ಕಟ್ಟಿದ್ದ: ಮನೆಗೆ ಕಳಿಸಬಹುದಾದವರು, ಒಂದು ದಿನ ಇಟ್ಟುಕೊಂಡು ನೋಡಬೇಕಾದವರು, ತಕ್ಷಣ ಆಪರೇಷನ್ ಬೇಕಾದವರು. ನೂರಕ್ಕೆ ತೊಂಬತ್ತು ಸರಿ! ಸೋಮವಾರ ಹ್ಯೂಸ್ಟನ್ನಿನ ಆಸ್ಪತ್ರೆಯೊಂದು ಒಪ್ಪಿದರೆ ಕೆಲಸ ಉಳಿಯುತ್ತದೆ. ಇಲ್ಲವಾದರೆ ಲಾಸ್ ಕೊಲಿನಾಸ್‌ನ ಆಫೀಸಿನ ಅವನ ಕುರ್ಚಿಯಲ್ಲಿ ಬೇರೆ ಯಾರೋ ಕೂರುತ್ತಾರೆ.

ಶನಿವಾರ ಮಧ್ಯಾಹ್ನ ಕನ್ನಡ ಸಂಘದ ಪಾಟ್‌ಲಕ್. ಹತ್ತು ಮನೆಯ ಹತ್ತು ಪಾತ್ರೆ. ಚೀಟಿ ಅಂಟಿಸುವ ಪರಮಾಧಿಕಾರ ನಿವೃತ್ತ ಎಂಜಿನಿಯರ್ ರಾಮಮೂರ್ತಿ ಅಂಕಲ್‌ರದು. ಮುಚ್ಚಳ ಎತ್ತುವುದು, ಗಂಭೀರವಾಗಿ ಮೂಸುವುದು, ‘ಸಾರು’ ಎಂದು ಅಂಟಿಸುವುದು.

“ಹತ್ತರಲ್ಲಿ ಎಂಟು ಸಾರೇ ಇದೆ, ಅದಕ್ಕೇ ನಿಮ್ಮ ಚೀಟಿ ಸರಿ ಬರ್ತಿದೆ,” ಎಂದರು ಅವರ ಹೆಂಡತಿ ತುಳಸಿ. “ನನ್ನ ಮೆಂತ್ಯದ ಗೊಜ್ಜಿಗೂ ಸಾರು ಅಂತ ಅಂಟಿಸಿದ್ದೀರಲ್ಲ! ಕಣ್ಣು ಮುಚ್ಚಿ.”

ಸಾರು, ಹುಳಿ, ಗೊಜ್ಜು, ಒಂದೊಂದು ಚಮಚ ಬಾಯಿಗೆ ಹೋಯಿತು.

“ಗೊಜ್ಜು ಯಾವುದು, ಹೇಳಿ?”

“ಮೂರೂ ಚೆನ್ನಾಗಿವೆ ಕಣೇ.”

ಎಲ್ಲರೂ ನಕ್ಕರು. ಮುರಳೀಧರ ಮಾತ್ರ ತಟ್ಟೆ ಕೆಳಗಿಟ್ಟ. ಅವನ ನೂರು ರೋಗಿಗಳಲ್ಲೂ ಹೆಚ್ಚಿನವರು ಮನೆಗೆ ಹೋಗುವವರೇ ಅಲ್ಲವೆ! ಎಲ್ಲರಿಗೂ ‘ಮನೆಗೆ’ ಎಂದು ಚೀಟಿ ಅಂಟಿಸಿದರೂ ನೂರಕ್ಕೆ ತೊಂಬತ್ತು ಸರಿಯೇ.

ಮನೆಗೆ ಓಡಿದ. ಹಳೆಯ ರೋಗಿಗಳ ದಾಖಲೆಯಿಂದ ಗುಂಪಿಗೊಬ್ಬರಂತೆ ಮೂವರನ್ನು ಮಾಡೆಲ್ ಮುಂದೆ ನಿಲ್ಲಿಸಿ, ಯಾರು ಯಾವ ಗುಂಪು ಎಂದು ಕೇಳಿದ. ಹೀಗೆ ಸಾವಿರಾರು ಸಲ. ಕಣ್ಣುಮುಚ್ಚಿ ಹೇಳಿದರೂ ನೂರಕ್ಕೆ ಮೂವತ್ತಮೂರು ಸಲ ಸರಿಯಾಗುತ್ತದೆ. ಇಟ್ಟುಕೊಂಡು ನೋಡಬೇಕಾದವರನ್ನು ಗುರುತಿಸುವಲ್ಲಿ ಮಹಾಮಾಡೆಲ್ ಗಳಿಸಿದ್ದು ಮೂವತ್ತನಾಲ್ಕು.

“ಹೇಳಿದ್ರೆ ಕೆಲಸ ಹೋಗತ್ತೆ, ನೀರಜಾ,” ಎಂದ ಹೆಂಡತಿಗೆ.

“ಹೇಳದಿದ್ರೆ ಯಾರೋ ತಲೆಯೊಳಗೆ ರಕ್ತ ಇಟ್ಕೊಂಡು ಮನೆಗೆ ಹೋಗ್ತಾರೆ. ಇಸ್ತ್ರಿ ಮಾಡಿದ ಶರ್ಟು ಅಲ್ಲಿದೆ.”

ಸೋಮವಾರ ನಾಲ್ಕು ಗಂಟೆ ರಥ ಓಡಿಸಿ ಹ್ಯೂಸ್ಟನ್ ಸೇರಿದ. ಮೀಟಿಂಗಿನಲ್ಲಿ ನಮ್ಮ ವೀರ ಮೊದಲ ಸ್ಲೈಡಿನಲ್ಲೇ ಆ ಮೂವತ್ತನಾಲ್ಕನ್ನು ತೋರಿಸಿದ. ಡಾಕ್ಟರುಗಳು ಮುಖ ಮುಖ ನೋಡಿಕೊಂಡು, ಅವನನ್ನು ಅರ್ಧ ಗಂಟೆ ಹೊರಗೆ ಕೂರಿಸಿದರು.

ವಾಪಸು ಹೊರಡುವಾಗ, ನೀರಜಾಳಿಂದ ಎಲ್ಲ ಕೇಳಿ ತಿಳಿದಿದ್ದ ರಾಮಮೂರ್ತಿ ಅಂಕಲ್‌ರ ಫೋನು. “ಏನಾಯ್ತೋ ಮುರಳಿ? ಕಿತ್ತುಹಾಕಿದ್ರಾ?”

“ಇಲ್ಲ ಅಂಕಲ್. ಒಪ್ಪಿಕೊಳ್ಳಲೂ ಇಲ್ಲ. ಮೂರು ತಿಂಗಳು ಟೈಮ್ ಕೊಟ್ಟು ನೋಡ್ತಾರಂತೆ.”

“ಹಾಗಾದ್ರೆ ನೀನೂ ಆ ಮಧ್ಯದ ಗುಂಪೇ ಬಿಡು. ನಿನ್ನ ಮಾಡೆಲ್‌ಗೆ ಕೊಟ್ಟಿದ್ರೆ ಸೀದಾ ಮನೆಗೆ ಕಳಿಸ್ತಿತ್ತು!”