ಜ್ವರದ ವಾಕ್ಯ

ಶಹಾಪುರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಪ್ರಿಪೊಸಿಷನ್ನು, ಕಂಜಂಕ್ಷನ್ನು ಜೋಡಿಯಾಗಿ ಬರುವ ಪಾಠದ ದಿನ ನನ್ನ ದನಿ ಏರುತ್ತದೆ ಎಂಬುದು ಮಕ್ಕಳಿಗೂ ಗೊತ್ತು. 'ಬಿಕಾಸ್ ಆಫ್' ಅನ್ನುವುದು ಸೈಕಲ್ಲು, ಅದರ ಮೇಲೆ ಒಂದು ನಾಮಪದ ಮಾತ್ರ ಕೂಡಬೇಕು. ಬರೀ 'ಬಿಕಾಸ್' ಆದರೆ ಟಂಟಂ ಗಾಡಿ, ಕರ್ತೃ, ಕ್ರಿಯಾಪದ ಸಮೇತ ಇಡೀ ವಾಕ್ಯವೇ ಹತ್ತಬಹುದು. 'ಇನ್‌ಸ್ಪೈಟ್ ಆಫ್' ಕೂಡ ಸೈಕಲ್ಲೇ. ಅದಕ್ಕೆ ಇಡೀ ವಾಕ್ಯ ಹೇರಬೇಕೆಂದರೆ ಹಿಂದೆ 'ದಿ ಫ್ಯಾಕ್ಟ್ ದಟ್' ಎಂಬ ಬಂಡಿ ಕಟ್ಟಬೇಕು. ಹೀಗೆ ಹೇಳಿದರೆ ಮಕ್ಕಳು ನಗುತ್ತಾರೆ, ಕಲಿಯುತ್ತಾರೆ. ತಪ್ಪು ಹೇಳಿದವರನ್ನು ಮಾತ್ರ ನಾನು ಶಿಕ್ಷೆಯೆಂದು ನಿಲ್ಲಿಸುವುದಿಲ್ಲ. ಯಾರನ್ನಾದರೂ ನಿಲ್ಲಿಸಿದ್ದು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ಓದಿದ್ದು ಸುರಪುರದಲ್ಲಿ. ನನ್ನ ಪಕ್ಕ ಕೂಡುತ್ತಿದ್ದ ಗೆಳತಿ ದೇವಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಎರಡೂ ಅವಳಿಗೆ ನೀರು ಕುಡಿದಷ್ಟು ಸಲೀಸು. ಒಂದು ದಿನ ಅವಳು ತಡವಾಗಿ ಬಂದಳು. ಕಣ್ಣು ಕೆಂಪಗಿದ್ದವು. ಇಂಗ್ಲಿಷ್ ಮಾಸ್ತರು ಬಾಗಿಲಲ್ಲೇ ತಡೆದು, ತಡವಾದದ್ದೇಕೆಂದು ಇಂಗ್ಲಿಷಿನಲ್ಲೇ ಹೇಳು ಅಂದರು. ಅವಳು ಅಂದಳು: "ಇನ್‌ಸ್ಪೈಟ್ ಆಫ್ ಐ ಹ್ಯಾವ್ ಫೀವರ್, ಬಟ್ ಐ ಕೇಮ್."

ತಪ್ಪು ಹೌದು. ಸೈಕಲ್ಲಿನ ಮೇಲೆ ಇಡೀ ವಾಕ್ಯ ಹೇರಿದ್ದಳು, ಮೇಲೊಂದು 'ಬಟ್' ಬೇರೆ. ಆದರೆ ಅವಳ ಉರ್ದುವಿನಲ್ಲಿ ಮುಂದೊಂದು 'ಹೀಗಿದ್ದರೂ' ಎನ್ನುವ 'ಅಗರ್ಚೆ' ಬಂದರೆ ಹಿಂದೊಂದು 'ಆದರೆ' ಎನ್ನುವ 'ಮಗರ್' ಬರಬೇಕು, ಜೋಡಿ ಮುರಿದರೆ ಮಾತು ಕುಂಟುತ್ತದೆ. ಆ ರೂಢಿಯಲ್ಲೇ ಅವಳು ಇಂಗ್ಲಿಷನ್ನೂ ನಡೆಸಿದ್ದಳು. ಮಾಸ್ತರಿಗೆ ಅದೆಲ್ಲ ಯಾಕೆ ಬೇಕು?

"ರಾಂಗ್! ಗ್ವಾಡಿ ಕಡಿ ಮಾರಿ ಮಾಡಿ ನಿಂದ್ರು. ವಾಕ್ಯ ನೆಟ್ಟಗ ಆಗೋ ತನ ನಿಂತೇ ಇರು."

ಅವಳು ಗೋಡೆಗೆ ಮುಖ ಮಾಡಿ ನಿಂತಳು. ವಾಕ್ಯ ನೆಟ್ಟಗಾಗಲಿಲ್ಲ. ಜ್ವರದಲ್ಲಿ ಯಾರಿಗೆ ವ್ಯಾಕರಣ ಹೊಳೆಯುತ್ತದೆ? ಮರುದಿನವೂ ನಿಲ್ಲಿಸಿದರು, ಅದರ ಮರುದಿನವೂ. ಹುಡುಗರು ಅವಳನ್ನು 'ಫೀವರ್' ಎಂದು ಕರೆಯತೊಡಗಿದರು. ಆಮೇಲೆ ಅವಳು ಬರಲೇ ಇಲ್ಲ. ಮೆಟ್ರಿಕ್ಕಿಗೆ ಕೂಡಲಿಲ್ಲ. ಯಾದಗಿರಿಗೆ ಮದುವೆ ಮಾಡಿಕೊಟ್ಟರು. ನಾನು ಹಟ ಹಿಡಿದು ಇಂಗ್ಲಿಷ್ ಕಲಿತದ್ದು ಆ ಮನುಷ್ಯನ ಮೇಲಿನ ಸಿಟ್ಟಿಗೆ, ಭಾಷೆಯ ಪ್ರೀತಿಗಲ್ಲ.

ಈಗ ಊರೂರಲ್ಲಿ ಗುರುವಂದನೆಯ ಸುಗ್ಗಿ. ಹಳೇ ವಿದ್ಯಾರ್ಥಿಗಳೆಲ್ಲ ವಾಟ್ಸಾಪಿನಲ್ಲಿ ಗುಂಪು ಕಟ್ಟಿಕೊಂಡು, ಮಾಸ್ತರರನ್ನು ಹೂವೆರಚಿ ಕರೆತಂದು, ಪೇಟಾ ಸುತ್ತಿ, ಶಾಲು ಹೊದಿಸಿ, ಸಾಲಾಗಿ ಕಾಲಿಗೆ ಬೀಳುತ್ತಾರೆ. ಕಳೆದ ವರ್ಷ ನಮ್ಮ ಬ್ಯಾಚಿನದೂ ಆಯಿತು, ಸನ್ಮಾನ ಅದೇ ಇಂಗ್ಲಿಷ್ ಮಾಸ್ತರಿಗೆ. ನನ್ನನ್ನು ಮಾತಾಡಲು ಕರೆದರು. ನಾನು ಕೂಡಲೇ ಗೆಳತಿಗೆ ಫೋನು ಮಾಡಿದೆ.

"ನಾ ಸಾಲಿ ಬಿಟ್ಟಾಕಿ. ನಂದೇನು ಕೆಲಸ ಅಲ್ಲಿ?" ಅಂದಳು.

"ನೀ ಬರಾಕ ಬೇಕು. ಅಂವ ನಿಂದ್ರೋದು ನೀ ಕಣ್ಣಾರೆ ನೋಡಬೇಕು."

"ಹುಚ್ಚಿ ಅದೀ ನೀನು," ಎಂದು ನಕ್ಕಳು. ಆದರೂ ಬಂದಳು. ಕಡೆಯ ಸಾಲಿನಲ್ಲಿ, ಪೆಂಡಾಲಿನ ಕಂಬಕ್ಕೆ ಒತ್ತಿ ಕೂತಳು.

ಮಾಸ್ತರು ಮುಪ್ಪಾಗಿದ್ದರು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಬೇರೆಯವರ ಮನೆಯ ಲಗ್ನಪತ್ರಿಕೆಯ ಇಂಗ್ಲಿಷನ್ನೂ ತಿದ್ದಿ ವಾಪಸ್ ಕೊಡುತ್ತಾರೆಂದು ಊರೇ ನಗುತ್ತಿತ್ತು. ನಾನು ನಂಬಿದ್ದು ಆ ಚಾಳಿಯನ್ನೇ. ಅವರು ದೇವರು, ಅವರು ನಮ್ಮನ್ನು ತಿದ್ದಿ ತೀಡಿದರು ಎಂದೆಲ್ಲ ಉಳಿದವರು ಹೊಗಳಿ ಮುಗಿಸಿದ ಮೇಲೆ ನಾನು ಮೈಕು ಹಿಡಿದೆ. ಬೇಕೆಂತಲೇ ಇಂಗ್ಲಿಷಿನಲ್ಲಿ ಶುರು ಮಾಡಿದೆ.

"ಇನ್‌ಸ್ಪೈಟ್ ಆಫ್ ಅವರ್ ಸರ್ ಈಸ್ ಓಲ್ಡ್, ಬಟ್ ಹೀ ಕೇಮ್."

ಅವರ ಕುರ್ಚಿ ಕಿರ್ರೆಂದಿತು. ನಾನು ನಿಲ್ಲಲಿಲ್ಲ.

"ಇನ್‌ಸ್ಪೈಟ್ ಆಫ್ ಹೀ ಈಸ್ ಟಯರ್ಡ್, ಬಟ್ ಹೀ ಈಸ್ ಸಿಟ್ಟಿಂಗ್."

"ರಾಂಗ್!" ಮಾಸ್ತರು ಎದ್ದೇ ಬಿಟ್ಟರು. ಶಾಲು ಜಾರಿತು, ಪೇಟಾ ಕಿವಿಯ ಮೇಲೆ ವಾಲಿತು. "ಯಾರು ಕಲಿಸಿದ್ರು ನಿನಗ ಇಂಗ್ಲಿಷು? ನಿಂದ್ರು ಅಲ್ಲೇ!"

ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಈ ಗಳಿಗೆಗಾಗಿ ನಾನು ಅರ್ಧ ಆಯುಷ್ಯ ಕಾದಿದ್ದೆ.

"ನೀವೂ ನಿಂತೇ ಇರ್ರಿ ಸರ್," ಅಂದೆ, "ವಾಕ್ಯ ನೆಟ್ಟಗ ಆಗೋ ತನ. ಇದು ನನ್ನ ವಾಕ್ಯ ಅಲ್ರಿ. ಅಲ್ಲಿ ಕಡೀ ಸಾಲಿನ್ಯಾಗ ಕೂತಾಳಲ್ಲ, ಅಕಿದು. ಅವತ್ತು ಅಕಿಗೆ ಖರೇನ ಜ್ವರ ಇತ್ತು. ನೀವು ವಾಕ್ಯ ನೋಡಿದ್ರಿ, ಹಣಿ ಮುಟ್ಟಿ ನೋಡಲಿಲ್ಲ."

ನಗು ನಿಂತಿತು. ಎಲ್ಲರೂ ಹಿಂದಕ್ಕೆ ತಿರುಗಿದರು. ಮಾಸ್ತರು ಮೇಜು ಹಿಡಿದುಕೊಂಡು ನಿಂತಿದ್ದರು. ಸಂಘಟಕರಲ್ಲಿ ಒಬ್ಬ ನನ್ನ ಕೈಯಿಂದ ಮೈಕು ಕಿತ್ತುಕೊಳ್ಳಲು ಬಂದ, ನಾನು ಬಿಡಲಿಲ್ಲ. ನಿಲ್ಲಲಿ ಅನಿಸಿತು. ಇನ್ನಷ್ಟು ಹೊತ್ತು ನಿಲ್ಲಲಿ, ಅವಳು ನೋಡಲಿ.

ಗೆಳತಿ ಎದ್ದು ನಿಂತಳು. ಸೆರಗು ಸರಿ ಮಾಡಿಕೊಂಡಳು. ಅವಳು ಬೈಯಲಿ, ಶಪಿಸಲಿ ಎಂದು ನಾನು ಮೈಕನ್ನು ಅವಳತ್ತ ಚಾಚಿದೆ.

"ಕೂಡ್ರಿ ಸರ್," ಅಂದಳು. "ಭಾಳ ಹೊತ್ತು ನಿಂತ್ರ ಕಾಲು ಸೆಳೀತಾವ. ನನಗ ಗೊತ್ತದ."

ಮಾಸ್ತರು ಕೂತರು. ಶಾಲು ನೆಲದ ಮೇಲೇ ಬಿದ್ದಿತ್ತು, ಎತ್ತಿಕೊಳ್ಳಲಿಲ್ಲ. ಕಾಲಿಗೆ ಬೀಳಲು ಸಾಲು ಹಚ್ಚಿದವರನ್ನು ಕೈಸನ್ನೆ ಮಾಡಿ ಕಳಿಸಿಬಿಟ್ಟರು. ಊಟಕ್ಕೆ ಏಳ್ರಿ ಎಂದು ಕರೆದರೂ ಆ ಕುರ್ಚಿಯಿಂದ ಏಳಲಿಲ್ಲ.

ಅವಳಷ್ಟು ದೊಡ್ಡ ಮನಸ್ಸು ನನಗಿಲ್ಲ. ನನ್ನ ಕೈಯಲ್ಲಿದ್ದಿದ್ದರೆ ಸಂಜೆಯ ತನಕ ನಿಲ್ಲಿಸುತ್ತಿದ್ದೆ. ಆದರೆ ಅವಳ ಆ ಒಂದು ಮಾತು ನನ್ನ ಇಡೀ ಭಾಷಣಕ್ಕಿಂತ ಆಳಕ್ಕೆ ನಾಟಿತ್ತು. ಅದು ಅವರ ಮುಖದಲ್ಲಿ ಕಾಣುತ್ತಿತ್ತು. ನಾನು ಪೆಂಡಾಲಿನಲ್ಲೇ ಹಾಕಿದ್ದ ಪಂಕ್ತಿಯಲ್ಲಿ ಅವಳ ಪಕ್ಕ, ಮಾಸ್ತರಿಗೆ ಎದುರಾಗಿಯೇ ಕೂತು, ಗೋಧಿ ಹುಗ್ಗಿಯನ್ನು ಎರಡು ಸಲ ಹಾಕಿಸಿಕೊಂಡು ಉಂಡೆ.