ಕರೆ ಬರದೆ ಸಹಿ ಇಲ್ಲ

ಆ ಮನುಷ್ಯ ಬೂಟುಗಳನ್ನು ಕಾಲಿಗೆ ಹಾಕಿಕೊಂಡದ್ದಕ್ಕಿಂತ ಕೊರಳಿಗೆ ಹಾಕಿಕೊಂಡದ್ದೇ ಹೆಚ್ಚು. ಎರಡರ ದಾರಗಳನ್ನೂ ಸೇರಿಸಿ ಗಂಟು ಹಾಕಿ, ಒಂದನ್ನು ಎದೆಯ ಎಡಕ್ಕೂ ಇನ್ನೊಂದನ್ನು ಬಲಕ್ಕೂ ತೂಗುಬಿಟ್ಟು, ಷರಾಯಿಯನ್ನು ಮೊಣಕಾಲಿನವರೆಗೆ ಮಡಿಸಿ, ಮೀನಖಂಡದ ತನಕ ಕೆಸರು ಮೆತ್ತಿಕೊಂಡು, ಬೆಳಗಾಗುತ್ತಲೇ ನಮ್ಮ ಜಗಲಿಯ ಮುಂದೆ ಬಂದು ನಿಲ್ಲುತ್ತಿದ್ದರು. ಒಳಗೆ ಬರುತ್ತಿರಲಿಲ್ಲ, ಕೂರುತ್ತಿರಲಿಲ್ಲ. "ಏನಪ್ಪ, ಹೊರಡೋಣವಾ?" ಎಂದು ಒಂದು ಕೂಗು ಹಾಕಿದರೆ ಸಾಕು, ನಮ್ಮ ಯಜಮಾನರು ತಟ್ಟೆಯಲ್ಲಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಬಿಡುತ್ತಿದ್ದರು. ಉಳಿದ ಅರ್ಧ ರೊಟ್ಟಿಯನ್ನು ನೋಡುತ್ತ ನಾನು ಹಲ್ಲು ಕಡಿಯುತ್ತಿದ್ದೆ.

ಅವರು ನನ್ನ ಗಂಡನ ಗುರುಗಳು. ನಾಲೆ ಬಂದ ಮೇಲೆ ಮಂಡ್ಯದ ಹೊರಗೆ ಸರ್ಕಾರ ಮಾಡಿದ್ದ ಬೇಸಾಯದ ಫಾರಮ್ಮಿಗೆ ಅವರೇ ಮುಖ್ಯಸ್ಥರು. ಡಾಕ್ಟರೇಟಿಗೆ ಓದುವ ಹುಡುಗರಿಗೆ ಅಲ್ಲೇ ಇದ್ದು ಸಂಶೋಧನೆ ಮಾಡಲು ವಿದ್ಯಾರ್ಥಿವೇತನ ಕೊಡಬೇಕೆಂದು ಮೇಲಿನವರ ಬೆನ್ನು ಹತ್ತಿ, ಕೊನೆಗೆ ಇಬ್ಬರಿಗೆ ಮಂಜೂರು ಮಾಡಿಸಿಕೊಂಡಿದ್ದರು. ಆ ಇಬ್ಬರಲ್ಲಿ ನಮ್ಮವರು ಒಬ್ಬರು. ನನ್ನ ತವರು ಮಳವಳ್ಳಿ. ಮದುವೆಯಾಗಿ ಮಂಡ್ಯಕ್ಕೆ ಬಂದಾಗ ನನಗೆ ಅತ್ತೆಯ ಕಾಟವಿಲ್ಲ, ನಾದಿನಿಯ ಕಾಟವಿಲ್ಲ ಎಂದು ತವರಿನವರೆಲ್ಲ ಹಿಗ್ಗಿದ್ದರು. ಬೂಟು ತೂಗುಬಿಟ್ಟುಕೊಂಡ ಸವತಿಯೊಬ್ಬರು ಇರುತ್ತಾರೆಂದು ಯಾರಿಗೆ ಗೊತ್ತಿತ್ತು?

ಹೆಂಡತಿ ಮಕ್ಕಳಿಲ್ಲದ ಒಂಟಿ ಜೀವ. ಬ್ಲಫ್‌ನಲ್ಲಿ ಜಲಪಾತದ ನೀರಿನಿಂದ ಕರೆಂಟು ಮಾಡುವ ಕಡೆ ಅವರ ತಂದೆ ಕೆಲಸಕ್ಕಿದ್ದರಂತೆ. ಆ ಯಂತ್ರಗಳ ಸದ್ದಿನಲ್ಲಿ ಬೆಳೆದದ್ದರಿಂದಲೋ ಏನೋ ಎಲ್ಲ ಮಾತನ್ನೂ ಕೂಗಿಯೇ ಆಡುತ್ತಿದ್ದರು. ಯಾವ ಗದ್ದೆಗೆ ಹೋದರೂ ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುವುದು ಅವರ ಅಭ್ಯಾಸ. ಉಪ್ಪು ಎಷ್ಟಿದೆ ಎಂದು ಹಾಗೇ ಹೇಳುತ್ತಿದ್ದರು. ನಮ್ಮವರೂ ಅದನ್ನೇ ಕಲಿತರು. ನಾನು ಮಾಡಿದ ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಒಂದು ದಿನವೂ ಹೇಳದ ಗಂಡ, ಯಾರದೋ ಗದ್ದೆಯ ಮಣ್ಣನ್ನು ಚಪ್ಪರಿಸುವುದನ್ನು ನೋಡಿದರೆ ಯಾವ ಹೆಂಗಸಿಗೆ ಮೈ ಉರಿಯುವುದಿಲ್ಲ ಹೇಳಿ.

ನಮ್ಮವರ ವಿಷಯ ಚೌಳು ಮಣ್ಣು. ನಾಲೆಯ ನೀರು ಬಂದದ್ದೇ ತಡ, ಹಗಲೂ ರಾತ್ರಿ ಗದ್ದೆಗೆ ನೀರು ಹಾಯಿಸಿ, ನೀರು ಬಸಿದು ಹೋಗಲು ದಾರಿಯಿಲ್ಲದೆ, ನೆಲದೊಳಗಿನ ಉಪ್ಪು ಮೇಲೆದ್ದು ಹೊಲಗದ್ದೆ ಬೆಳ್ಳಗಾಗುತ್ತಿದ್ದ ಕಾಲ ಅದು. ಅದಕ್ಕೆ ಮದ್ದೇನೆಂದು ಅವರು ಬರೆಯಬೇಕು, ಗುರುಗಳು ನೋಡಿ ಸಹಿ ಹಾಕಬೇಕು, ಆಮೇಲೆ ಅದು ವಿಶ್ವವಿದ್ಯಾನಿಲಯಕ್ಕೆ ಹೋಗಬೇಕು. ಇಲ್ಲಿಯವರೆಗೆ ಎಲ್ಲ ಕಡೆಯ ಹಾಗೆಯೇ. ಆದರೆ ಆ ಮಹಾನುಭಾವರು ತಮ್ಮದೇ ಒಂದು ಷರತ್ತು ಇಟ್ಟಿದ್ದರು. ಯಾವುದಾದರೂ ಒಂದು ಊರಿನವರು ತಾವಾಗಿ ಮನೆಗೆ ಬಂದು, "ನಮಗೆ ತೊಂದರೆಯಾಗಿದೆ, ನೀವು ಬರಬೇಕು" ಎಂದು ಕರೆಯಬೇಕು. ಹಾಗೆ ಕರೆ ಬರುವ ತನಕ ಎಷ್ಟು ಚೆನ್ನಾಗಿ ಬರೆದಿದ್ದರೂ ಸಹಿ ಇಲ್ಲ. ಕೇಳಿ ಕರೆಸಿಕೊಳ್ಳುವ ಹಾಗಿಲ್ಲ, ಹೇಳಿ ಕಳಿಸುವ ಹಾಗೂ ಇಲ್ಲ.

"ನಾಳೆ ನೀವು ದೊಡ್ಡ ಕುರ್ಚಿಯಲ್ಲಿ ಕೂರುವವರು. ಜನ ಕರೆಯದೆ ಇದ್ದವನು ಕುರ್ಚಿಯಲ್ಲಿ ಕೂತರೆ ಕುರ್ಚಿಗೂ ಭಾರ, ಜನಕ್ಕೂ ಭಾರ" ಎಂದು ಜಗಲಿಯ ಮುಂದೆ ನಿಂತು ಅವರು ಕೂಗಿ ಹೇಳಿದ್ದು ನನಗೆ ಅಡುಗೆಮನೆಗೆ ಕೇಳಿಸಿತ್ತು. ಅದಕ್ಕೇ ಬೆಳಿಗ್ಗೆ ನಮಸ್ಕಾರಕ್ಕೆ ಬದಲಾಗಿ ಅವರ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ಯಾವ ಊರು ಕರೀತಪ್ಪ?"

ಇನ್ನೊಬ್ಬ ಸಂಶೋಧಕರ ಸಂಸಾರ ನಮ್ಮ ಪಕ್ಕದ ಮನೆಯಲ್ಲೇ ಇತ್ತು. ಅವರಿಗೆ ಬಂದ ವರ್ಷವೇ ಕಿರುಗಾವಲಿನ ಕಡೆಯಿಂದ ಕರೆ ಬಂತು. ಕಬ್ಬಿಗೆ ಹುಳ ಬಿದ್ದಿದೆ, ಬನ್ನಿ ಎಂದು ನಾಲ್ಕಾರು ಜನ ಬಸ್ಸಿಳಿದು ಬಂದರು. ಅವರ ಹೆಂಡತಿ ಅಂದೇ ಕಜ್ಜಾಯ ಮಾಡಿ ಬೀದಿಗೆಲ್ಲ ಹಂಚಿದಳು. "ನಿಮ್ಮವರಿಗೂ ಬರುತ್ತೆ ಬಿಡಿ" ಎಂದು ನನ್ನ ಕೈಗೆ ಒಂದು ಹೆಚ್ಚಾಗಿಯೇ ಇಟ್ಟಳು. ಅಂಥ ಕಹಿ ಕಜ್ಜಾಯವನ್ನು ನಾನು ಇಂದಿನವರೆಗೂ ತಿಂದಿಲ್ಲ.

ನಮ್ಮವರು ಮದ್ದೂರಿನ ಕಡೆ ನಾಲೆಯ ಮಗ್ಗುಲಿನ ಒಂದು ಹಳ್ಳಿಯನ್ನು ಹಿಡಿದುಕೊಂಡಿದ್ದರು. ಅಲ್ಲಿ ಮೇಲಿನ ಗದ್ದೆಗಳು ಹಸಿರು, ಕೆಳಗಿನವು ಚೌಳು. ಮೇಲಿನಿಂದ ಕೆಳಗಿನವರೆಗೆ ಎಲ್ಲರ ಜಮೀನಿನ ಮೂಲಕ ಒಂದು ಬಸಿಗಾಲುವೆ ತೋಡಿದರೆ ಎಲ್ಲವೂ ಸರಿಹೋಗುತ್ತದೆಂದು ಇವರು ವರ್ಷಗಟ್ಟಲೆ ಹೇಳಿದರು. ಊರಿನವರು "ಆಗ್ಲಿ ಸ್ವಾಮಿ" ಎಂದು ವರ್ಷಗಟ್ಟಲೆ ತಲೆಯಾಡಿಸಿದರು. ಅಷ್ಟರಲ್ಲಿ ಯುದ್ಧ ಬಂತು, ಅಕ್ಕಿ ರೇಷನ್ನಿನ ಅಳತೆಗೆ ಬಂತು, ವಿದ್ಯಾರ್ಥಿವೇತನ ಮುಗಿಯುವ ಕಾಲವೂ ಹತ್ತಿರ ಬಂತು. ಕರೆ ಮಾತ್ರ ಬರಲಿಲ್ಲ. ಸಹಿಯಾಗದೆ ವೇತನ ನಿಂತರೆ ಇಷ್ಟು ವರ್ಷದ ಓದು ನೀರಿನಲ್ಲಿ ಹೋಮ. ಇವರು ಊಟ ಕಡಿಮೆ ಮಾಡಿದರು, ಆ ಹಳ್ಳಿಗೆ ಹೋಗುವುದನ್ನು ಮಾತ್ರ ಹೆಚ್ಚು ಮಾಡಿದರು.

ನನಗೆ ತಡೆಯಲಾಗಲಿಲ್ಲ. ನನ್ನ ಗಂಡನನ್ನು ನನ್ನಿಂದ ಕಿತ್ತುಕೊಂಡ ಆ ಊರಿನಲ್ಲಿ ಅಂಥದ್ದೇನಿದೆ ನೋಡಿಯೇ ಬಿಡೋಣವೆಂದು ಒಂದು ದಿನ ಇವರ ಹಿಂದೆಯೇ ಹೊರಟೆ. ಬೇಡವೆಂದರು, ಕೇಳಲಿಲ್ಲ. ಊರ ಮುಂದಿನ ಹೊಂಗೆಮರಕ್ಕೆ ಒಂದು ನಕ್ಷೆ ನೇತುಹಾಕಿ, "ಅಂತರ್ಜಲದ ಮಟ್ಟ", "ಕ್ಷಾರ" ಎಂದು ಇವರು ಮಾತು ಶುರುಮಾಡಿದರು. ಎದುರಿಗೆ ಕೂತ ಮುದುಕರಲ್ಲಿ ಒಬ್ಬರು ಆಗಲೇ ತೂಕಡಿಸುತ್ತಿದ್ದರು. ನಾನು ನಾಲೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರ ಹತ್ತಿರ ಹೋದೆ.

"ಆ ಅಯ್ಯ ಒಳ್ಳೇನು ಕಣವ್ವ, ಪಾಪ. ಅದೇನ್ ಯೋಳ್ತಾನೋ ಆ ಸಿವನಿಗೇ ಗೊತ್ತು" ಎಂದಳು ಒಬ್ಬಳು. ಇವರಿಗಾಗಿ ನಾನು ಒಲೆ ಮುಂದೆ ಬೇಯುತ್ತಿದ್ದರೆ, ಇಲ್ಲಿ ಇವರು "ಪಾಪ"!

ಅಲ್ಲಿ ಕೂತ ಸ್ವಲ್ಪ ಹೊತ್ತಿಗೇ ನನಗೆ ಒಂದು ವಿಷಯ ತಿಳಿಯಿತು. ಮೇಲಿನ ಗದ್ದೆಯ ಮನೆಯ ಒಡತಿ, ಕೆಳಗಿನ ಗದ್ದೆಯ ಮನೆಯ ಒಡತಿ, ಇಬ್ಬರೂ ಒಡಹುಟ್ಟಿದ ಅಕ್ಕತಂಗಿಯರು. ಅಕ್ಕನ ಗದ್ದೆ ಹಸಿರಾದಷ್ಟೂ ತಂಗಿಯ ಗದ್ದೆ ಬೆಳ್ಳಗಾಗುತ್ತಿತ್ತು. ಅಕ್ಕ ಬೇಕೆಂದೇ ನೀರು ಬಿಡುತ್ತಾಳೆಂದು ತಂಗಿ, ತನ್ನ ಬೆಳೆ ನೋಡಿ ತಂಗಿಗೆ ಹೊಟ್ಟೆಕಿಚ್ಚೆಂದು ಅಕ್ಕ. ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವರ ಗಂಡಂದಿರು ಹೊಂಗೆಮರದ ಕೆಳಗೆ ತಲೆಯಾಡಿಸಿ ಮನೆಗೆ ಹೋದರೆ, ಮನೆಯಲ್ಲಿ ಇವರು ಹಾರೆಗುದ್ದಲಿ ಮುಟ್ಟಗೊಡುತ್ತಿರಲಿಲ್ಲ. ನಮ್ಮವರು ಮಣ್ಣಿನಲ್ಲಿ ಡಾಕ್ಟರೇಟು ಮಾಡುತ್ತಿದ್ದರೆ, ಹೊಟ್ಟೆಕಿಚ್ಚಿನಲ್ಲಿ ನಾನು ಆಗಲೇ ಮಾಡಿ ಮುಗಿಸಿದ್ದೆ. ನನಗೆ ಅರ್ಥವಾಗದೆ ಇರುತ್ತದೆಯೇ?

ನೆಟ್ಟಗೆ ಅಕ್ಕನ ಮನೆಗೆ ಹೋದೆ. ಆಕೆ ರಾಗಿ ಕೇರುತ್ತಿದ್ದಳು.

"ನಿನ್ ತಂಗಿ ಗದ್ದೆ ಆಳಾಯ್ತು ಅಂತ ನಗ್ತಿದ್ದೀಯಲ್ಲವ್ವ, ನೀರು ಇಂಗೇ ನಿಂತ್ರೆ ಇನ್ನೆಲ್ಡು ವರ್ಸಕ್ಕೆ ನಿನ್ ಗದ್ದೇಲೂ ಉಪ್ಪು ಮೇಲಕ್ ಬತ್ತದೆ. ನನ್ ಗಂಡ ಯೋಳದು ಅದೇಯ. ಆಗ ನಿನ್ ತಂಗಿ ನಗ್ತಾಳೆ. ಅವ್ಳು ನಗಕ್ಕೆ ಬುಡ್ತೀಯಾ ನೀನು?"

ಮೊರ ನಿಂತಿತು. "ಅವ್ಳಾ? ನನ್ ನೋಡಿ ನಗದಾ?" ಎಂದಳು. ಅಷ್ಟೇ. ಮರುವಾರ ಬಸಿಗಾಲುವೆಯ ಮೊದಲ ಗುದ್ದಲಿ ಬಿದ್ದದ್ದು ಅಕ್ಕನ ಗದ್ದೆಯಲ್ಲಿ.

ಅದಾದ ಮೇಲೆ ಒಂದು ಬೆಳಿಗ್ಗೆ ಎಂದಿನಂತೆ ಗುರುಗಳು ಜಗಲಿಯ ಮುಂದೆ ನಿಂತಿದ್ದಾಗಲೇ ಒಂದು ಎತ್ತಿನ ಗಾಡಿ ಬಂದು ನಿಂತಿತು. ಇಳಿದವನು ಅಕ್ಕನ ಗಂಡ. ನಮ್ಮವರ ಮುಖ ಅರಳಿದ್ದನ್ನು ನಾನು ಈಗಲೂ ಕಾಣಬಲ್ಲೆ. ಕೈಯೊರೆಸಿಕೊಳ್ಳುತ್ತ ಓಡಿಬಂದರು.

"ಕಾಲ್ವೆ ತಂಗಿ ಗದ್ದೆ ತಾವ ಬಂದು ನಿಂತದೆ ಸ್ವಾಮಿ. ಇಲ್ ತಿರುಗ್ಸಿ ಅಂತ ಇವ್ಳು, ಅಲ್ ತಿರುಗ್ಸಿ ಅಂತ ಅವ್ಳು. ಜುಟ್ಟುಜುಟ್ಟು ಇಡ್ಕಂಡವ್ರೆ. ಅಮ್ಮಾವ್ರನ್ನ ಒಸಿ ಕಳಿಸ್ಕೊಡಿ."

"ನಾನೇ ಬರ್ತೀನಿ, ನಡೀರಿ" ಎಂದರು ನಮ್ಮವರು.

"ನೀವ್ ಬ್ಯಾಡಿ ಬುದ್ಧಿ. ನಿಮ್ಗೆ ಬಯ್ಯಕ್ ಬರಕಿಲ್ಲ."

ಗುರುಗಳು ಬೂಟುಗಳು ಕುಣಿಯುವ ಹಾಗೆ ನಕ್ಕರು. ಆಮೇಲೆ ನಗು ನಿಲ್ಲಿಸಿ ಶಿಷ್ಯನ ಕಡೆ ತಿರುಗಿ, "ಕರೆ ಬಂತಪ್ಪ. ಆದರೆ ನಿನಗಲ್ಲ" ಎಂದರು. ನನಗೆ, "ಗಾಡಿ ಹತ್ತು ತಾಯಿ" ಎಂದರು. ಹತ್ತಿದೆ.

ಮುಂದಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಹೊಟ್ಟೆಕಿಚ್ಚು ಪಕ್ಕ ಬದಲಿಸಿತು. ನಮ್ಮವರು ನನ್ನೊಡನೆ ಮಾತು ಬಿಟ್ಟರು. ಬಡಿಸಿದ್ದನ್ನು ತಲೆ ಎತ್ತದೆ ತಿಂದು ಏಳುತ್ತಿದ್ದರು. ಗಾಡಿಯ ಸದ್ದಾದರೆ ಮುಖ ಸಿಂಡರಿಸುತ್ತಿದ್ದರು. ನಿಜ ಹೇಳುತ್ತೇನೆ, ಮೊದಮೊದಲು ನನಗೆ ಖುಷಿಯಾಯಿತು. ಗೊತ್ತಾಗಲಿ ಹೇಗಿರುತ್ತೆ ಎಂದುಕೊಂಡೆ. ಆದರೆ ಬರೆದದ್ದೆಲ್ಲ ಸಹಿಯಿಲ್ಲದೆ ಬಟ್ಟೆಯಲ್ಲಿ ಕಟ್ಟಿ ಇಟ್ಟ ಹಾಗೇ ಇತ್ತು, ದಿನಗಳು ಹತ್ತಿರವಾಗುತ್ತಿದ್ದವು. ಕೊನೆಗೆ ಆ ಮನುಷ್ಯನನ್ನೇ ಹುಡುಕಿಕೊಂಡು ಫಾರಮ್ಮಿಗೆ ಹೋದೆ. ಕಬ್ಬಿನ ಸಾಲಿನಲ್ಲಿ ನಾಲಿಗೆಯ ಮೇಲೆ ಮಣ್ಣಿಟ್ಟುಕೊಂಡು ಕಣ್ಣು ಮುಚ್ಚಿ ನಿಂತಿದ್ದರು.

"ಉಪ್ಪು ಮೇಲಕ್ಕೆ ಬತ್ತದೆ ಅಂತ ನನಗೇನು ಕನಸು ಬಿದ್ದಿತ್ತಾ? ಯೋಳಿಕೊಟ್ಟೋರು ನಮ್ಮೋರು. ನಾನು ಬರೀ ಬಯ್ದೆ. ಸಹಿ ಹಾಕಿ!" ಎಂದು ಅವರಷ್ಟೇ ಗಟ್ಟಿಯಾಗಿ ಕೂಗಿದೆ.

ಅವರು ಮಣ್ಣು ಉಗಿದು, ನಿಧಾನವಾಗಿ ಬಾಯಿ ಒರೆಸಿಕೊಂಡರು. "ಹಾಕಬಹುದು ತಾಯಿ. ಹಾಕಿದರೆ ಅವನು ನಿನ್ನ ಹೆಸರಿನಲ್ಲಿ ಡಾಕ್ಟರು ಆಗ್ತಾನೆ. ಅದು ನಿನಗೆ ಬೇಕಾ? ಇನ್ನು ಗಾಡಿ ಬಂದರೆ ಇಬ್ಬರೂ ಹತ್ತಿ. ನೀನು ಬಯ್ಯಿ, ಅವನು ಅಳೀಲಿ."

ಇಬ್ಬರೂ ಹತ್ತಿದೆವು. ನಾನು ಅಕ್ಕತಂಗಿಯರ ನಡುವೆ ನಿಂತರೆ, ಇವರು ಕೆಸರಿಗಿಳಿದು ಹಗ್ಗ ಹಿಡಿದು ಕಾಲುವೆ ಎತ್ತ ಇಳಿಜಾರೆಂದು ವಾಟ ನೋಡಿದರು. ನಕ್ಷೆಯನ್ನು ಹೊಂಗೆಮರದಿಂದ ಇಳಿಸಿ ಮಡಿಸಿಟ್ಟರು. ಇವರ ಬಾಯಲ್ಲಿ ಕ್ಷಾರ ಹೋಗಿ ಉಪ್ಪು ಆಯಿತು. ಹೀಗಿರುವಾಗ ತಂಗಿಯ ಗದ್ದೆಯಲ್ಲಿ ಮೊದಲ ಬತ್ತ ತೆನೆ ಬಿಡುವ ಹೊತ್ತಿಗೆ ಮತ್ತೆ ಗಾಡಿ ಬಂತು. ನಾನು ಸೆರಗು ಕಟ್ಟಿಕೊಂಡು ಈಚೆ ಬಂದೆ.

"ಕಾಲ್ವೇಲಿ ಎಲ್ಲೋ ಕಟ್ಕಂಡು ನೀರು ನಿಂತದೆ. ಅಯ್ನೋರು ಬರ್ಬೇಕು" ಎಂದ ತಂಗಿಯ ಗಂಡ. ನಾನೂ ಹತ್ತಲು ಹೋದರೆ, "ನೀವ್ ಯಾಕವ್ವ ದಣೀತೀರಿ? ಈ ಸಲ ಜಗಳ ಇಲ್ಲ" ಎಂದುಬಿಟ್ಟ.

ನಮ್ಮವರು ನನ್ನ ಕಡೆ ಒಂದು ನೋಟ ಬೀರಿ ಗಾಡಿ ಹತ್ತಿದರು. ಧೂಳು ಇಳಿಯುವ ತನಕ ನಾನು ಬಾಗಿಲಲ್ಲೇ ನಿಂತಿದ್ದೆ, ಉರಿಯುತ್ತ. ಅಂದು ಸಂಜೆ ಗುರುಗಳು ಸಹಿ ಹಾಕಿದರು. ಕಜ್ಜಾಯ ನಾನೂ ಮಾಡಿದೆ. ಪಕ್ಕದ ಮನೆಗೆ ಎರಡು ಹೆಚ್ಚಾಗಿಯೇ ಕೊಟ್ಟೆ.

ಡಾಕ್ಟರೇಟು ಬಂದ ಮೇಲೂ ಗುರುಗಳು ಇವರನ್ನು ಬಿಡಲಿಲ್ಲ, ಫಾರಮ್ಮಿನಲ್ಲೇ ಇಟ್ಟುಕೊಂಡರು. ಹೊಸದಾಗಿ ಬಂದ ಹುಡುಗರನ್ನು ಊರೂರಿಗೆ ಕರೆದುಕೊಂಡು ಹೋಗುವುದು ಇವರ ಪಾಲಿಗೆ ಬಂತು. ಅರ್ಧ ರೊಟ್ಟಿಯ ಸಂಸಾರ ಹಾಗೇ ನಡೆಯಿತು. ಒಂದು ಮಾತ್ರ ಬದಲಾಯಿತು. ಕಬ್ಬಿನ ಸಾಲಿನ ಆ ಜಗಳವಾದ ಮೇಲೆ ನನಗೆ ಗುರುಗಳ ಭಯ ಹೋಗಿತ್ತು. ಬೆಳಿಗ್ಗೆ ಅವರು ಬಂದು ನಿಂತರೆ, ಇವರು ಅಂಗಿ ತೊಡುವಷ್ಟರಲ್ಲಿ ನಾನು ಈಚೆ ಬಂದು ಇವರ ಮೇಲೆ ದೂರು ಹೇಳುತ್ತಿದ್ದೆ. ಹಬ್ಬಕ್ಕೆ ಮಳವಳ್ಳಿಗೆ ಕರೆದುಕೊಂಡು ಹೋಗಲಿಲ್ಲ, ಅಷ್ಟರಲ್ಲಿ ಹುಟ್ಟಿದ್ದ ಮಗಳಿಗೆ ಜ್ವರ ಬಂದರೆ ತಿರುಗಿ ನೋಡಲಿಲ್ಲ, ಹೀಗೆ. ಅವರು ಬೂಟುಗಳನ್ನು ಹಿಡಿದುಕೊಂಡು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿ, "ಏನಯ್ಯ ಇದು!" ಎಂದು ಒಳಗೆ ಕೇಳುವ ಹಾಗೆ ಗದರುತ್ತಿದ್ದರು. ಗದರಿ, ಕರೆದುಕೊಂಡು ಹೋಗಿಬಿಡುತ್ತಿದ್ದರು.

ಸ್ವಾತಂತ್ರ್ಯ ಬಂದು ಊರೆಲ್ಲ ಬಾವುಟ ಏರಿಸಿದ ವರ್ಷ, ಅದಕ್ಕೆ ಸ್ವಲ್ಪ ಮುಂಚೆ, ಅವರು ಜ್ವರದಲ್ಲಿ ಹೋಗಿಬಿಟ್ಟರು. ಯಾರೂ ಕರೆಯದೆಯೇ ಎಷ್ಟೋ ಊರುಗಳ ಜನ ಬಂದಿದ್ದರು. ಮಕ್ಕಳಿಲ್ಲದ ಅವರಿಗೆ ಬೆಂಕಿ ಇಟ್ಟದ್ದು ನಮ್ಮವರೇ.

ಮನೆಗೆ ಬಂದು ಸ್ನಾನ ಮಾಡಿ ಜಗಲಿಯ ಮೇಲೆ ಕೂತು ಇವರು ಅತ್ತರು. ತಮ್ಮ ತಂದೆ ಹೋದಾಗಲೂ ಹಾಗೆ ಅತ್ತವರಲ್ಲ. ಬಿಕ್ಕಿ ಬಿಕ್ಕಿ, ಮೂಗು ಒರೆಸಿಕೊಳ್ಳದೆ ಅತ್ತರು. ನನ್ನ ಕಣ್ಣಲ್ಲೂ ನೀರಿತ್ತು, ಆದರೂ ಹಾಳು ಹೊಟ್ಟೆಕಿಚ್ಚು ಕೇಳಬೇಕಲ್ಲ.

"ನಾನು ಸತ್ರೆ ಇಷ್ಟು ಅಳ್ತೀರಾ?" ಎಂದು ಕೇಳಿಯೇಬಿಟ್ಟೆ.

ಅವರು ತಲೆ ಎತ್ತಿದರು. "ನೀನು ಹೋದರೆ ಅವರ ಹತ್ತಿರ ಹೋಗಿ ಅಳ್ತಿದ್ದೆ. ಈಗ ಎಲ್ಲಿಗೆ ಹೋಗಲಿ?" ಎಂದರು.

ನೋಡಿ, ನನ್ನ ಸಾವಿನಲ್ಲೂ ಆ ಮನುಷ್ಯನಿಗೆ ಪಾಲು! ಮೈಯೆಲ್ಲ ಧಗಧಗ ಎಂದಿತು. ಕಟ್ಟಿಕೊಂಡವಳಿಗೆ ಆಡುವ ಮಾತೇ ಇದು, ಈಗಲೇ ಹೋಗಿ ಹೇಳುತ್ತೇನೆ, ನಿಮ್ಮ ಶಿಷ್ಯ ಏನಂದ ಕೇಳಿದಿರಾ ಎಂದು ಮುಖದ ಮೇಲೇ ಕೇಳುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡು ಜಗಲಿ ಇಳಿದೆ. ಫಾರಮ್ಮಿನ ದಾರಿಯಲ್ಲಿ ಅರ್ಧ ಬೀದಿ ನಡೆದ ಮೇಲೆ ಅವರಿಲ್ಲವೆಂದು ನೆನಪಾಯಿತು.